ಮೋಟಾರಿನ ಮಂದಗತಿಯ ದೋಷನಿರ್ಣಯ: ಅಥಣಿ ಸೀಮೆಯ ಕುಶಲವಿದ್ಯೆಯೊಂದರ ಇತಿಹಾಸ

೧

ಇತಿಹಾಸದ ಅಧ್ಯಯನದಲ್ಲಿ ನಾವು ಶಾಸನ, ದಫ್ತರ, ಕೈಫಿಯತ್ತುಗಳನ್ನು ಆಧಾರವಾಗಿ ಹಿಡಿಯುವುದು ರೂಢಿ. ಆದರೆ ಬರೆದಿಡುವ ಪದ್ಧತಿಯೇ ಇಲ್ಲದ ವೃತ್ತಿಗಳ ತಿಳಿವಳಿಕೆ ಈ ಆಧಾರಗಳಲ್ಲಿ ದೊರೆಯುವುದು ಅಪರೂಪ. ಕೈಯಿಂದ ಕೈಗೆ ಬಂದ ವಿದ್ಯೆಯು ಆ ಕೈಗಳೊಡನೆಯೇ ಮರೆಯಾಗುತ್ತದೆ. ಇಪ್ಪತ್ತನೆಯ ಶತಮಾನದ ಮೋಟಾರು ಮಿಸ್ತ್ರಿಯ ವಿದ್ಯೆ ಇಂತಹವುಗಳಲ್ಲೊಂದು. ನಮ್ಮ ಕಣ್ಣೆದುರಿನಲ್ಲಿಯೇ ಅದು ಮುಗಿಯುತ್ತಲಿದೆ.

ಪ್ರಸ್ತುತ ಪ್ರಬಂಧದಲ್ಲಿ ಆ ವಿದ್ಯೆಯ ಒಂದು ಅಂಗವನ್ನು ಮಾತ್ರ ಎತ್ತಿಕೊಂಡಿದೆ. ಕಾರ್ಬುರೇಟರು ಇರುವ ಪೆಟ್ರೋಲು ಮೋಟಾರು ರಸ್ತೆಯಲ್ಲಿ ಓಡುವಾಗ ಸರಿಯಾಗಿದ್ದು, ಗಾಡಿ ನಿಂತು ಎಂಜಿನ್ನು ಮಾತ್ರ ನಡೆಯುತ್ತಿರುವಾಗ ನಡುಗುವುದುಂಟು. ನಡುನಡುವೆ ಒಂದೊಂದು ಪೆಟ್ಟು ತಪ್ಪುವುದುಂಟು. ಕೆಲವೊಮ್ಮೆ ನಿಂತೇ ಹೋಗುವುದುಂಟು. ಈ ಸ್ಥಿತಿಯನ್ನು ಗ್ಯಾರೇಜುಗಳಲ್ಲಿ ಐಡ್ಲಿಂಗ್ ಕೆಟ್ಟಿದೆ ಎನ್ನುತ್ತಾರೆ. ಇಲ್ಲಿ ಐಡ್ಲಿಂಗ್ ಎಂಬುದಕ್ಕೆ ಮಂದಗತಿ ಎಂಬ ಮಾತನ್ನು ಬಳಸಲಾಗಿದೆ. ಇದರ ಕಾರಣವನ್ನು ಮಿಸ್ತ್ರಿಗಳು ಹೇಗೆ ಕಂಡುಹಿಡಿಯುತ್ತಿದ್ದರು, ಆ ಕ್ರಮವು ಅಥಣಿ ಸೀಮೆಯಂತಹ ಪ್ರದೇಶದಲ್ಲಿ ಏಕೆ ಬೆಳೆಯಿತು, ಅದು ಬರಿಯ ಊಹೆಯೋ ಅಥವಾ ನಿಯಮಬದ್ಧವಾದ ವಿಚಾರವೋ ಎಂಬ ಮೂರು ಪ್ರಶ್ನೆಗಳನ್ನು ಮುಂದೆ ವಿಚಾರಿಸಲಾಗುವುದು.

೨

ಕೊಕಟನೂರವು ಬೆಳಗಾವಿ ಜಿಲ್ಲೆಯ ಅಥಣಿ ತಾಲೂಕಿನ ಊರು. ಇಲ್ಲಿಯ ಯಲ್ಲಮ್ಮದೇವಿಯ ಜಾತ್ರೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಭಕ್ತರು ಬರುತ್ತಾರೆ. ೧೯೫೬ರ ನವೆಂಬರ್ ೧ರವರೆಗೆ ಈ ಭಾಗವೆಲ್ಲ ಮುಂಬಯಿ ರಾಜ್ಯದಲ್ಲಿತ್ತು. ಮಿರಜದಿಂದ ಬೆಳಗಾವಿಗೆ ಹೋಗುವ ರೈಲುಮಾರ್ಗವು ಶೇಡಬಾಳ, ಉಗಾರ, ಕುಡಚಿ, ರಾಯಬಾಗಗಳನ್ನು ಮುಟ್ಟುತ್ತದೆ. ಅಥಣಿ ಪಟ್ಟಣವೂ ಕೊಕಟನೂರವೂ ಅದರಿಂದ ದೂರವೇ ಉಳಿದವು. ಆದುದರಿಂದ ಸಂತೆ, ಆಸ್ಪತ್ರೆ, ಕಚೇರಿ, ಜಾತ್ರೆಗಳಿಗೆ ಹೋಗುವ ದೂರದ ಪ್ರಯಾಣವು ಮೊದಲು ಚಕ್ಕಡಿಯನ್ನೂ ಅನಂತರ ಮೋಟಾರನ್ನೂ ಅವಲಂಬಿಸಿತು.

ಯಂತ್ರದ ಪರಿಚಯ ಈ ನಾಡಿಗೆ ಮೋಟಾರಿನಿಂದಲೇ ಮೊದಲಾಯಿತೆಂದು ತಿಳಿಯಬಾರದು. ಲಕ್ಷ್ಮಣರಾವ ಕಿರ್ಲೋಸ್ಕರರು ೧೮೮೮ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯನ್ನು ತೆರೆದರು. ೧೯೧೦ರಲ್ಲಿ ಅವರ ಉದ್ಯಮವು ಔಂಧ ಸಂಸ್ಥಾನದ ನೆಲದಲ್ಲಿ ಕಿರ್ಲೋಸ್ಕರವಾಡಿಯಾಗಿ ನೆಲೆಗೊಂಡಿತು. ೧೯೪೬ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಕಂಪನಿಯಂತಹವುಗಳ ಎಂಜಿನ್ನುಗಳು ಬಾವಿಗಳ ಮೇಲೆ ಬಂದು ಕೂತಾಗ, ಎಂಜಿನ್ನಿನ ಸದ್ದನ್ನು ಕೇಳಿ ಅದರ ಸ್ಥಿತಿಯನ್ನು ಅರಿಯುವ ಅಭ್ಯಾಸ ರೈತನಿಗೂ ಆಯಿತು. ಆದರೆ ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರು ಇಲ್ಲ, ಕಿಡಿಹಾರಿಸುವ ಪ್ಲಗ್ಗೂ ಇಲ್ಲ. ಪೆಟ್ರೋಲು ಮೋಟಾರಿಗೆ ಬೇರೆಯೇ ಒಂದು ಶಿಕ್ಷಣ ಬೇಕಾಯಿತು.

ಆ ಶಿಕ್ಷಣಕ್ಕೆ ಅನುಕೂಲವಾದ ಮೊದಲ ಸನ್ನಿವೇಶ ಎರಡನೆಯ ಮಹಾಯುದ್ಧ. ೧೯೪೧ರಲ್ಲಿ ಪೆಟ್ರೋಲಿಗೆ ಪಡಿತರ ಬಂದಿತು. ಬಸ್ಸುಗಳ ಹಿಂದೆ ಇದ್ದಿಲಿನ ಒಲೆಗಳನ್ನು ಕಟ್ಟಿ ಅದರ ಅನಿಲದಿಂದ ಎಂಜಿನ್ನು ನಡೆಸಿದ್ದು ಕರ್ನಾಟಕದ ಹಿರಿಯರ ನೆನಪಿನಲ್ಲಿ ಬಹುಕಾಲ ಉಳಿದಿತ್ತು. ಇದ್ದಿಲಿನ ಅನಿಲದ ಗುಣ ಗಳಿಗೆ ಗಳಿಗೆಗೆ ಬದಲಾಗುವುದರಿಂದ, ಗಾಳಿಯ ಪ್ರಮಾಣವನ್ನು ಸದ್ದು ಕೇಳಿಯೇ ಸರಿಪಡಿಸಬೇಕಾಗುತ್ತಿತ್ತು.

ಎರಡನೆಯ ಸನ್ನಿವೇಶ ಸ್ವಾತಂತ್ರ್ಯಾನಂತರದ ಕೈಗಾರಿಕಾ ನೀತಿ. ೧೯೨೮ರಿಂದ ಮುಂಬಯಿಯಲ್ಲಿ ಜನರಲ್ ಮೋಟರ್ಸ್ ಕಂಪನಿಯು ಪರದೇಶದ ಭಾಗಗಳನ್ನು ಜೋಡಿಸಿ ಗಾಡಿಗಳನ್ನು ಮಾರುತ್ತಿತ್ತು. ೧೯೫೩ರ ತೆರಿಗೆ ಆಯೋಗದ ಶಿಫಾರಸಿನ ತರುವಾಯ, ಇಲ್ಲಿಯೇ ತಯಾರಿಸುವ ಯೋಜನೆಯಿಲ್ಲದ ಕಂಪನಿಗಳು ತೆರಳಬೇಕಾಯಿತು. ೧೯೪೨ರಲ್ಲಿ ಹುಟ್ಟಿದ ಹಿಂದುಸ್ಥಾನ ಮೋಟರ್ಸ್, ೧೯೪೪ರಲ್ಲಿ ಹುಟ್ಟಿದ ಪ್ರೀಮಿಯರ್ ಆಟೋಮೊಬೈಲ್ಸ್, ಜೀಪುಗಳನ್ನು ಹೊರತಂದ ಮಹೀಂದ್ರ ಮೊದಲಾದ ಕೆಲವೇ ಕಂಪನಿಗಳು ಉಳಿದವು. ಅಂಬಾಸಡರ್ ಕಾರು ಐವತ್ತರ ದಶಕದ ಕೊನೆಯಿಂದ ೨೦೧೪ರವರೆಗೆ ತಯಾರಾಯಿತು. ಫಿಯೆಟ್ ೧೧೦೦ರ ಪೀಳಿಗೆಯ ಪ್ರೀಮಿಯರ್ ಪದ್ಮಿನಿಯು ಶತಮಾನದ ಕೊನೆಯವರೆಗೂ ಉಳಿಯಿತು.

ಈ ನೀತಿಯಿಂದ ಎರಡು ಪರಿಣಾಮಗಳಾದವು. ಮೊದಲನೆಯದಾಗಿ, ಎಂಜಿನ್ನುಗಳ ರಚನೆ ದಶಕಗಟ್ಟಲೆ ಬದಲಾಗಲಿಲ್ಲ. ಆದುದರಿಂದ ಗುರುವು ಯೌವನದಲ್ಲಿ ಕಲಿತದ್ದು ಶಿಷ್ಯನ ಮುಪ್ಪಿನವರೆಗೂ ಉಪಯೋಗಕ್ಕೆ ಬಂದಿತು. ಎರಡನೆಯದಾಗಿ, ಬಿಡಿಭಾಗಗಳು ದುರ್ಲಭವೂ ದುಬಾರಿಯೂ ಆಗಿದ್ದುವು. ೧೯೫೧ರಲ್ಲಿ ಸ್ಥಾಪಿತವಾದ ಮೈಕೊ ಕಂಪನಿಯ ಬೆಂಗಳೂರಿನ ಕಾರ್ಖಾನೆಯಿಂದ ಸ್ಪಾರ್ಕ್ ಪ್ಲಗ್ಗುಗಳು ದೇಶದಲ್ಲಿಯೇ ದೊರೆಯತೊಡಗಿದರೂ, ಹಳ್ಳಿಯ ಗಾಡಿಯವನು ಒಂದು ಭಾಗವನ್ನು ಕೊಳ್ಳುವ ಮೊದಲು ಕೆಟ್ಟಿರುವುದು ಅದೇ ಹೌದೋ ಅಲ್ಲವೋ ಎಂದು ಖಚಿತಪಡಿಸಿಕೊಳ್ಳಲೇಬೇಕಾಗಿತ್ತು. ಮಿಸ್ತ್ರಿಯ ಹೊತ್ತು ಅಗ್ಗ, ಭಾಗ ತುಟ್ಟಿ. ದೋಷನಿರ್ಣಯದ ವಿದ್ಯೆಯು ಮುಖ್ಯವಾಗಿ ಈ ಕೊರತೆಯಿಂದ ಬೆಳೆಯಿತೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

೩

ಮಿಸ್ತ್ರಿಯ ಕ್ರಮವನ್ನು ತಿಳಿಯುವುದಕ್ಕೆ ಯಂತ್ರದ ಸ್ವರೂಪವನ್ನು ಸ್ವಲ್ಪಮಟ್ಟಿಗೆ ಅರಿಯಬೇಕು. ಪೆಟ್ರೋಲನ್ನು ಗಾಳಿಯೊಡನೆ ಹದವಾಗಿ ಬೆರೆಸಿ ಎಂಜಿನ್ನಿಗೆ ಒದಗಿಸುವ ಸಾಧನವೇ ಕಾರ್ಬುರೇಟರು. ಇಕ್ಕಟ್ಟಾದ ಕೊಳವೆಯಲ್ಲಿ ಹರಿಯುವ ದ್ರವದ ವೇಗ ಹೆಚ್ಚಿದಂತೆ ಒತ್ತಡ ಕಡಿಮೆಯಾಗುತ್ತದೆಂಬುದನ್ನು ಇಟಲಿಯ ವೆಂಟುರಿಯು ೧೭೯೭ರಲ್ಲಿ ವಿವರಿಸಿದ್ದನು. ಗಾಳಿಗೂ ಸಲ್ಲುವ ಈ ತತ್ತ್ವದ ಆಧಾರದ ಮೇಲೆ ಸಣ್ಣ ರಂಧ್ರದಿಂದ ಪೆಟ್ರೋಲನ್ನು ಸಿಂಪಡಿಸುವ ಕಾರ್ಬುರೇಟರುಗಳು ೧೮೯೩ರಲ್ಲಿ ಜರ್ಮನಿಯ ಮೇಬಾಖ್‌ನಿಂದಲೂ ಹಂಗೇರಿಯ ಬಾಂಕಿ ಮತ್ತು ಚೋಂಕರಿಂದಲೂ ಹೊರಬಂದವು. ಪೂರ್ಣ ದಹನಕ್ಕೆ ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ೧೪.೭ ಪಾಲು ಗಾಳಿ ಬೇಕು. ಮಂದಗತಿಯಲ್ಲಿ ಮಿಶ್ರಣವು ಇದಕ್ಕಿಂತ ತುಸು ದಟ್ಟವಾಗಿರಬೇಕಾಗುತ್ತದೆ.

ಗಾಡಿ ನಿಂತಾಗ ಗಾಳಿಯ ದಾರಿಯಲ್ಲಿರುವ ಥ್ರಾಟಲ್ ಎಂಬ ತಟ್ಟೆಯು ಬಹುಮಟ್ಟಿಗೆ ಮುಚ್ಚಿರುತ್ತದೆ. ಆಗ ಮುಖ್ಯ ಕೊಳವೆಯಲ್ಲಿ ಪೆಟ್ರೋಲನ್ನು ಸೆಳೆಯುವಷ್ಟು ಗಾಳಿಯ ವೇಗವಿರುವುದಿಲ್ಲ. ಆದಕಾರಣ ಸೋಲೆಕ್ಸ್ ಮಾದರಿಯ ಕಾರ್ಬುರೇಟರುಗಳಲ್ಲಿ ಮಂದಗತಿಗೆಂದೇ ಕೂದಲೆಳೆಯಂತಹ ರಂಧ್ರವುಳ್ಳ ಬೇರೆ ಜೆಟ್ಟು ಇರುತ್ತದೆ. ಅದರಿಂದ ಬರುವ ಮಿಶ್ರಣವನ್ನು ಒಂದು ಸ್ಕ್ರೂ ನಿಯಂತ್ರಿಸುತ್ತದೆ. ಥ್ರಾಟಲ್ ಎಷ್ಟು ತೆರೆದಿರಬೇಕೆಂಬುದನ್ನು ಇನ್ನೊಂದು ಸ್ಕ್ರೂ ನಿರ್ಧರಿಸುತ್ತದೆ. ಮಂದಗತಿಯಲ್ಲಿ ಒಳಬರುವ ಗಾಳಿ ಅತ್ಯಲ್ಪ. ಆದುದರಿಂದ ಎಲ್ಲಿಯಾದರೂ ಒಂದು ಸಂದಿನಿಂದ ಕಳ್ಳಗಾಳಿ ಸೇರಿದರೂ ಹದ ಕೆಡುತ್ತದೆ. ಗಾಡಿ ವೇಗವಾಗಿ ಓಡುವಾಗ ಅದೇ ಕಳ್ಳಗಾಳಿಯು ಒಟ್ಟು ಗಾಳಿಯಲ್ಲಿ ನಗಣ್ಯವಾಗಿ ದೋಷವು ಮರೆಯಾಗುತ್ತದೆ.

ನಾಲ್ಕು ಸಿಲಿಂಡರಿನ ಎಂಜಿನ್ನು ನಿಮಿಷಕ್ಕೆ ೮೦೦ ಸುತ್ತು ತಿರುಗುವಾಗ ೧೬೦೦ ಸಲ ಉರಿಯುತ್ತದೆ, ಎಂದರೆ ಸೆಕೆಂಡಿಗೆ ಸುಮಾರು ೨೭ ಸಲ. ಒಂದು ಸಿಲಿಂಡರು ಉರಿಯದಿದ್ದರೆ ಸೆಕೆಂಡಿಗೆ ಸುಮಾರು ಏಳು ಪೆಟ್ಟುಗಳು ಕ್ರಮವಾಗಿ ತಪ್ಪುತ್ತವೆ. ಈ ತಪ್ಪುವಿಕೆಯಲ್ಲಿ ಒಂದು ತಾಳವಿದೆ. ಮಿಶ್ರಣವೇ ಕೆಟ್ಟಿದ್ದರೆ ಪೆಟ್ಟು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ತಪ್ಪುತ್ತದೆ, ಅದಕ್ಕೆ ತಾಳವಿಲ್ಲ. ಮಿಸ್ತ್ರಿಯ ಕಿವಿ ಮೊದಲು ಹುಡುಕುವುದು ಈ ಭೇದವನ್ನು.

೪

ಅಥಣಿ ಭಾಗದ ಹಿರಿಯ ಮಿಸ್ತ್ರಿಗಳೊಡನೆ ಕುಳಿತು ಕಂಡುಕೊಂಡ ಕ್ರಮವನ್ನು ಇಲ್ಲಿ ಸಂಗ್ರಹಿಸಿದೆ. ಮನುಷ್ಯರಿಂದ ಮನುಷ್ಯರಿಗೆ ಸಣ್ಣಪುಟ್ಟ ವ್ಯತ್ಯಾಸಗಳಿದ್ದರೂ ಮುಖ್ಯ ರೂಪರೇಖೆ ಒಂದೇ.

ಮೊದಲನೆಯ ಹೆಜ್ಜೆ, ದೋಷವಿರುವ ಸಿಲಿಂಡರನ್ನು ಗುರುತಿಸುವುದು. ಎಂಜಿನ್ನು ನಡೆಯುತ್ತಿರುವಂತೆಯೇ ಕಟ್ಟಿಗೆಯ ಹಿಡಿಯ ಸ್ಕ್ರೂಡ್ರೈವರಿನಿಂದ ಒಂದೊಂದೇ ಪ್ಲಗ್ಗಿನ ವಿದ್ಯುತ್ತನ್ನು ಎಂಜಿನ್ನಿನ ಮೈಗೆ ಹರಿಸಿ ಅದನ್ನು ನಿರರ್ಥಕಗೊಳಿಸುತ್ತಾರೆ. ಸರಿಯಾದ ಸಿಲಿಂಡರನ್ನು ಹೀಗೆ ಕಳೆದರೆ ಎಂಜಿನ್ನು ಇನ್ನಷ್ಟು ಕುಸಿಯುತ್ತದೆ. ಯಾವುದನ್ನು ಕಳೆದರೂ ಸದ್ದು ಬದಲಾಗುವುದಿಲ್ಲವೋ, ಆ ಸಿಲಿಂಡರು ಮೊದಲೇ ಕೆಲಸ ಮಾಡುತ್ತಿರಲಿಲ್ಲವೆಂದು ಸಿದ್ಧವಾಗುತ್ತದೆ.

ಎರಡನೆಯದು ಕಿಡಿಯ ಪರೀಕ್ಷೆ. ಪ್ಲಗ್ಗನ್ನು ಬಿಚ್ಚಿ ಅದರ ಬಣ್ಣವನ್ನು ನೋಡುತ್ತಾರೆ. ಬಿಸ್ಕತ್ತಿನ ಬಣ್ಣವಿದ್ದರೆ ದಹನ ಸರಿಯಾಗಿದೆ. ಒಣ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ. ಸುಣ್ಣದಂತೆ ಬಿಳುಪಾಗಿದ್ದರೆ ಗಾಳಿ ಹೆಚ್ಚಾಗಿದೆ. ಎಣ್ಣೆಯ ಜಿಡ್ಡಿದ್ದರೆ ಪಿಸ್ಟನ್ನಿನ ರಿಂಗುಗಳು ಸವೆದಿರಬಹುದು. ಗೇಜು ಇಲ್ಲದ ಕಡೆ ಪ್ಲಗ್ಗಿನ ಸಂದನ್ನು ಹ್ಯಾಕ್ಸಾ ಬ್ಲೇಡಿನಿಂದ ಅಳೆಯುವ ರೂಢಿಯಿತ್ತು. ಇದನ್ನು ಒರಟುತನವೆಂದು ಭಾವಿಸುವವರುಂಟು. ಆದರೆ ಸಾಮಾನ್ಯ ಹ್ಯಾಕ್ಸಾ ಬ್ಲೇಡಿನ ದಪ್ಪ ಇಂಚಿನ ಸಾವಿರದ ೨೫ ಭಾಗ. ಅಂದಿನ ಅನೇಕ ಎಂಜಿನ್ನುಗಳ ಕೈಪಿಡಿ ವಿಧಿಸಿದ್ದ ಸಂದೂ ಹೆಚ್ಚುಕಡಿಮೆ ಅದೇ. ಬಳಿಕ ಡೆಲ್ಕೊದ ಮುಚ್ಚಳ ತೆಗೆದು ಪಾಯಿಂಟುಗಳು ಸುಟ್ಟಿವೆಯೋ, ಕಂಡೆನ್ಸರು ಕೆಟ್ಟಿದೆಯೋ ಎಂದು ನೋಡುವರು. ಡೆಲ್ಕೊ ಎಂದರೆ ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಸಾಧನ.

ಮೂರನೆಯದು ಒತ್ತಡದ ಪರೀಕ್ಷೆ. ಪ್ಲಗ್ಗಿನ ತೂತಿಗೆ ಹೆಬ್ಬೆರಳನ್ನು ಒತ್ತಿ ಹಿಡಿದು ಹ್ಯಾಂಡಲ್ ತಿರುಗಿಸಿದರೆ ಆ ಸಿಲಿಂಡರಿನ ಬಲ ಬೆರಳಿಗೆ ತಿಳಿಯುತ್ತದೆ. ಹೊಗೆ ಬರುವ ಕೊಳವೆಯ ಬಾಯಿಗೆ ಕಾಗದದ ಚೂರನ್ನು ಹಿಡಿಯುವುದೂ ಉಂಟು. ಕಾಗದವು ಒಂದೇ ಸಮನೆ ಹೊರಕ್ಕೆ ಬಡಿದರೆ ಒಳ್ಳೆಯದು. ನಡುವೆ ಒಳಕ್ಕೆ ಎಳೆಯಲ್ಪಟ್ಟರೆ ಹೊಗೆಯ ಕವಾಟವು ಸುಟ್ಟಿರುವ ಸಂಶಯ.

ನಾಲ್ಕನೆಯದು ಕಳ್ಳಗಾಳಿಯ ಶೋಧ, ಐದನೆಯದು ಪೆಟ್ರೋಲಿನ ದಾರಿಯ ಶೋಧ. ಇಲ್ಲಿ ಸ್ಥಳೀಯ ಕಾರಣಗಳು ಬಂದು ಸೇರುತ್ತವೆ. ಎರೆಭೂಮಿಯ ಧೂಳು ಗಾಳಿ ಸೋಸುವ ಬುಟ್ಟಿಯನ್ನು ಕಟ್ಟಿಸಿ ಮಿಶ್ರಣವನ್ನು ದಟ್ಟಮಾಡುತ್ತದೆ. ಪೀಪಾಯಿಯ ತುಕ್ಕು ಮಂದಗತಿಯ ಜೆಟ್ಟನ್ನು ಮುಚ್ಚುತ್ತದೆ. ಪಡಿತರದ ಸೀಮೆಎಣ್ಣೆ ಅಗ್ಗವಾಗಿದ್ದ ಕಾಲದಲ್ಲಿ ಅದರ ಕಲಬೆರಕೆಯೂ ಒಂದು ಕಾರಣವಾಗಿತ್ತು. ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲಿ ಪೆಟ್ರೋಲು ಪಂಪಿನಲ್ಲಿಯೇ ಆವಿಯಾಗಿ ಎಂಜಿನ್ನು ನಿಂತಾಗ, ಪಂಪಿಗೆ ಒದ್ದೆ ಅರಿವೆಯನ್ನು ಸುತ್ತುವುದು ಎಲ್ಲ ಚಾಲಕರಿಗೂ ಗೊತ್ತಿದ್ದ ಉಪಾಯ.

ಮಿಶ್ರಣದ ಸ್ಕ್ರೂವನ್ನು ತಿರುಗಿಸುವುದು ಎಲ್ಲಕ್ಕೂ ಕೊನೆಯ ಹೆಜ್ಜೆ. ಇದರ ಕಾರಣವನ್ನು ಕೇಳಿದಾಗ ಒಬ್ಬ ಹಿರಿಯರು ಹೇಳಿದ ಮಾತು ಗಮನಾರ್ಹವಾದುದು: “ಸ್ಕ್ರೂ ಕಡೀಕ ಮುಟ್ಟಬೇಕ್ರಿ ಸರ. ಮೊದ್ಲ ಮುಟ್ಟಿದ್ರ ರೋಗ ಮುಚ್ಚಿ ಹೋಗತೈತಿ.” ಮಿಶ್ರಣವನ್ನು ದಟ್ಟಮಾಡಿದರೆ ಕಳ್ಳಗಾಳಿಯ ದೋಷ ಕೆಲವು ದಿನ ಕಾಣದಂತಾಗುತ್ತದೆ, ಪೆಟ್ರೋಲಿನ ಖರ್ಚು ಮಾತ್ರ ಏರುತ್ತದೆ. ಒಂದು ಪ್ರತಿಯ ಪಾಠವನ್ನು ಪರಿಶೀಲಿಸುವ ಮೊದಲೇ ತಿದ್ದಿದರೆ ತಪ್ಪಿನ ಮೂಲ ಅಳಿಸಿಹೋಗುತ್ತದೆಂದು ಗ್ರಂಥಸಂಪಾದನೆಯ ವಿದ್ಯಾರ್ಥಿಗಳಿಗೆ ನಾವು ಬೋಧಿಸುವುದೂ ಇದನ್ನೇ.

೫

ಈ ಕ್ರಮವು ಊಹೆಯಲ್ಲವೆಂಬುದಕ್ಕೆ ಪ್ರಸ್ತುತ ಲೇಖಕನು ಕಣ್ಣಾರೆ ಕಂಡ ಒಂದು ನಿದರ್ಶನವನ್ನು ಕೊಡಬಹುದು. ಒಬ್ಬರು ಹಳೆಯ ಪೆಟ್ರೋಲು ಅಂಬಾಸಡರ್ ಕಾರನ್ನು ಮನೆಯವರ ನೆನಪಿಗಾಗಿ ಉಳಿಸಿಕೊಂಡಿದ್ದರು. ಓಡುವಾಗ ಅದಕ್ಕೆ ಯಾವ ತೊಂದರೆಯೂ ಇರಲಿಲ್ಲ. ನಿಂತಾಗ ಮೈಯೆಲ್ಲ ನಡುಗುತ್ತಿತ್ತು. ಬೇರೆ ಕಡೆ ಎರಡು ಸಲ ಕಾರ್ಬುರೇಟರನ್ನು ಬಿಚ್ಚಿಸಿ ಒಳಗಿನ ಭಾಗಗಳನ್ನು ಬದಲಿಸಿಯಾಗಿತ್ತು. ಮಾರಿಬಿಡುವ ಮಾತು ಮನೆಯಲ್ಲಿ ಬಂದಿತ್ತು.

ಮಿಸ್ತ್ರಿಯು ಕಾರ್ಬುರೇಟರನ್ನು ಮುಟ್ಟಲಿಲ್ಲ. ಪ್ಲಗ್ಗುಗಳನ್ನು ಒಂದೊಂದಾಗಿ ಕಳೆದನು. ಮೊದಲನೆಯದನ್ನೂ ಎರಡನೆಯದನ್ನೂ ಕಳೆದಾಗ ಎಂಜಿನ್ನು ನಿಲ್ಲುವಂತಾಯಿತು. ಮೂರನೆಯದು, ನಾಲ್ಕನೆಯದನ್ನು ಕಳೆದಾಗ ಸದ್ದು ಹೆಚ್ಚು ಬದಲಾಗಲಿಲ್ಲ. ನೆರೆಯ ಎರಡು ಸಿಲಿಂಡರುಗಳು ಒಟ್ಟಿಗೆ ದುರ್ಬಲವಾಗಿರುವುದಕ್ಕೆ ಮೂರು ಕಾರಣಗಳು ಸಾಧ್ಯ. ಎರಡರ ಪ್ಲಗ್ಗು ಅಥವಾ ತಂತಿಗಳೂ ಕೆಟ್ಟಿರಬೇಕು. ಇಲ್ಲವೆ ಅವುಗಳ ನಡುವಿನ ಹೆಡ್ ಗ್ಯಾಸ್ಕೆಟ್ಟು ಒಡೆದಿರಬೇಕು. ಇಲ್ಲವೆ ಅವೆರಡಕ್ಕೂ ಮಿಶ್ರಣ ಹೋಗುವ ದಾರಿಯಲ್ಲಿ ದೋಷವಿರಬೇಕು. ಅವನು ಪ್ಲಗ್ಗುಗಳನ್ನೂ ತಂತಿಗಳನ್ನೂ ಅದಲುಬದಲು ಮಾಡಿದನು. ದೋಷವು ಮೂರು ಮತ್ತು ನಾಲ್ಕನೆಯ ಸಿಲಿಂಡರುಗಳಲ್ಲಿಯೇ ಉಳಿಯಿತು. ಹೆಬ್ಬೆರಳಿನಿಂದ ಒತ್ತಡವನ್ನು ನೋಡಿದನು, ನಾಲ್ಕೂ ಸಮನಾಗಿದ್ದವು. ಉಳಿದದ್ದು ಮೂರನೆಯ ಕಾರಣ.

ಅಂಬಾಸಡರಿನ ಈ ೧೪೮೯ ಘನ ಸೆಂಟಿಮೀಟರಿನ ಎಂಜಿನ್ನು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಪೀಳಿಗೆಯದು. ಅದರ ಹೆಡ್ಡಿಗೆ ಮಿಶ್ರಣ ಒಳಬರುವ ದಾರಿಗಳು ಎರಡೇ: ಒಂದು ಮೊದಲ ಎರಡು ಸಿಲಿಂಡರುಗಳಿಗೆ, ಇನ್ನೊಂದು ಕೊನೆಯ ಎರಡಕ್ಕೆ. ಮಿಸ್ತ್ರಿಯು ಹಿಂದಿನ ದಾರಿಯ ಕೂಡುಸ್ಥಳಕ್ಕೆ ಎಣ್ಣೆಯ ಡಬ್ಬಿಯಿಂದ ನಾಲ್ಕು ಹನಿ ಬಿಟ್ಟನು. ಕ್ಷಣಕಾಲ ಎಂಜಿನ್ನು ಸಮನಾಗಿ ನಡೆದು, ಹಿಂದೆ ನೀಲಿ ಹೊಗೆ ಬಂದು, ಮತ್ತೆ ನಡುಗತೊಡಗಿತು. ಎಣ್ಣೆಯು ಸಂದನ್ನು ಮುಚ್ಚಿದಷ್ಟು ಹೊತ್ತು ಕಳ್ಳಗಾಳಿ ನಿಂತಿತ್ತು. ಗ್ಯಾಸ್ಕೆಟ್ಟನ್ನು ಬದಲಿಸಿದ ಮೇಲೆ ಮಿಶ್ರಣದ ಸ್ಕ್ರೂವನ್ನು ಸರಿಪಡಿಸಿ ಕಾರನ್ನು ಕೊಟ್ಟನು. ಕಾರ್ಬುರೇಟರಿನಲ್ಲಿ ದೋಷವೇ ಇರಲಿಲ್ಲ.

ಇಲ್ಲಿ ಕಂಡುಬರುವುದು ಸಾಧ್ಯವಾದ ಕಾರಣಗಳನ್ನು ಎಣಿಸಿ, ಒಂದೊಂದನ್ನೂ ಪರೀಕ್ಷೆಯಿಂದ ಕಳೆದು, ಉಳಿದದ್ದನ್ನು ಸ್ವತಂತ್ರವಾದ ಸಾಕ್ಷ್ಯದಿಂದ ಸ್ಥಾಪಿಸುವ ಪದ್ಧತಿ. ನಾವು ಆಕರಗಳ ವಿಮರ್ಶೆಯಲ್ಲಿ ಅನುಸರಿಸುವ ಪದ್ಧತಿಯೂ ಇದಕ್ಕಿಂತ ಬೇರೆಯಲ್ಲ. ಈ ಮಿಸ್ತ್ರಿಯು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು.

೬

ಈ ವಿದ್ಯೆಯ ಭಾಷೆಯೂ ಪರಿಶೀಲನಾರ್ಹ. ಮಿಸ್ತ್ರಿ ಎಂಬ ಮಾತು ಪೋರ್ಚುಗೀಸರ ಮೆಸ್ತ್ರೆಯಿಂದ ಬಂದುದು. ಸ್ಪ್ಯಾನರಿಗೆ ಇಲ್ಲಿ ಮರಾಠಿಯಂತೆ ಪಾನಾ ಎನ್ನುತ್ತಾರೆ. ಜೆಟ್ಟಿನಲ್ಲಿ ಸಿಕ್ಕಿದ್ದು ಕಚರಾ. ಸಂದಿನಿಂದ ನುಗ್ಗಿದ್ದು ಹವಾ. ಪೆಟ್ಟು ತಪ್ಪಿದರೆ ಎಂಜಿನ್ನು ಮಿಸ್ ಹೊಡೆಯಿತು. ನಿಂತುಹೋದರೆ ಬಂದ ಬಿತ್ತು. ಕನ್ನಡದ ಕ್ರಿಯಾಪದವು ಇಂಗ್ಲಿಷ್, ಮರಾಠಿ, ಹಿಂದೂಸ್ಥಾನಿ ನಾಮಪದಗಳನ್ನು ಆಳುವ ಈ ನುಡಿ, ಗಡಿಯ ಎರಡೂ ಕಡೆಯ ಗ್ಯಾರೇಜುಗಳಲ್ಲಿ ದುಡಿದವರ ಜೀವನವನ್ನು ಸೂಚಿಸುತ್ತದೆ.

೭

ಈ ಪರಂಪರೆಯ ಅವನತಿಗೆ ಕಾಲವನ್ನು ಸಾಕಷ್ಟು ನಿಖರವಾಗಿ ಹೇಳಬಹುದು. ೧೯೮೯ರ ಕೇಂದ್ರ ಮೋಟಾರು ವಾಹನ ನಿಯಮಗಳ ೧೧೫ನೆಯ ನಿಯಮವು ಪೆಟ್ರೋಲಿನ ನಾಲ್ಕು ಚಕ್ರದ ವಾಹನಗಳ ಮಂದಗತಿಯ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡು ಗಾತ್ರದಲ್ಲಿ ಶೇಕಡಾ ೩ನ್ನು ಮೀರಬಾರದೆಂದು ವಿಧಿಸಿತು. ಮುಂದೆ ಈ ಮಿತಿ ಇನ್ನೂ ಬಿಗಿಯಾಯಿತು. ಅಲ್ಲಿಯವರೆಗೆ ಕಿವಿಯ ತೀರ್ಪಿಗೆ ಬಿಟ್ಟಿದ್ದ ಮಂದಗತಿಯು ಮೊದಲ ಸಲ ಯಂತ್ರದಿಂದ ಅಳೆಯಲ್ಪಡುವ ಕಾನೂನಿನ ವಿಷಯವಾಯಿತು. ೨೦೦೦ದಿಂದ ಹೊಸ ಹೊಗೆ ನಿಯಮಗಳು ಬಂದಂತೆ ಕಾರುಗಳಲ್ಲಿ ಕಾರ್ಬುರೇಟರಿನ ಬದಲು ಗಣಕಯಂತ್ರವು ಅಳೆದು ಪೆಟ್ರೋಲು ಚಿಮ್ಮಿಸುವ ವ್ಯವಸ್ಥೆ ಬಂದಿತು. ೨೦೨೦ರ ಏಪ್ರಿಲ್‌ನ ಭಾರತ್ ಸ್ಟೇಜ್ ೬ರ ತರುವಾಯ ದ್ವಿಚಕ್ರ ವಾಹನಗಳಲ್ಲಿಯೂ ಅದು ಬಹುಮಟ್ಟಿಗೆ ಮುಗಿಯಿತು. ಈಗ ದೋಷವನ್ನು ಸಂಕೇತಾಂಕವಾಗಿ ಗಾಡಿಯೇ ಹೇಳುತ್ತದೆ. ಭಾಗವನ್ನು ಬದಲಿಸುವುದೇ ದುರಸ್ತಿಯಾಗಿದೆ.

ಇದನ್ನು ಕೇವಲ ಹಾನಿಯೆಂದು ಎಣಿಸುವುದು ಸರಿಯಲ್ಲ. ಕಿವಿಗೆ ಹಿತವಾಗಿ ನಡೆದ ಎಂಜಿನ್ನು ವಿಷಾನಿಲವನ್ನು ಯಥೇಚ್ಛವಾಗಿ ಉಗುಳುತ್ತಿರಬಹುದು. ಅದನ್ನು ಕಿವಿ ಅರಿಯಲಾರದು. ಕಾರ್ಬುರೇಟರ್ ಯುಗದ ಪೆಟ್ರೋಲಿನಲ್ಲಿ ಸೀಸವಿತ್ತು. ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲು ಬಂದದ್ದು ೨೦೦೦ದಲ್ಲಿ. ಉಸಿರಾಡುವ ಜನರ ದೃಷ್ಟಿಯಿಂದ ಹೊಸ ವ್ಯವಸ್ಥೆಯೇ ಮೇಲು.

ಆದರೂ ಹಳೆಯ ವಿದ್ಯೆಗೆ ಈ ಸೀಮೆಯಲ್ಲಿ ಇನ್ನೂ ಕೆಲಸವಿದೆ. ೧೯೪೮ರಲ್ಲಿಯೇ ಭಾರತ ಸರ್ಕಾರವು ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಸಂಬಂಧ ಒಂದು ಕಾಯಿದೆಯನ್ನು ಮಾಡಿತ್ತು. ೨೦೦೩ರಲ್ಲಿ ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಶೇಕಡಾ ೫ರ ಎಥನಾಲ್ ಮಿಶ್ರಣ ಮೊದಲಾಯಿತು. ದೇಶದ ಸರಾಸರಿಯು ೨೦೨೨ರಲ್ಲಿ ೧೦ನ್ನೂ ೨೦೨೫ರಲ್ಲಿ ೨೦ನ್ನೂ ಮುಟ್ಟಿತು. ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಅದಕ್ಕೆ ಗಾಳಿ ಕಡಿಮೆ ಸಾಕು. ಗಣಕಯಂತ್ರವಿರುವ ಗಾಡಿಯು ತನ್ನ ಹದವನ್ನು ತಾನೇ ತಿದ್ದಿಕೊಳ್ಳಬಲ್ಲದು. ಹಳೆಯ ಜೆಟ್ಟಿನ ರಂಧ್ರ ಬದಲಾಗದು. ಹಳೆಯ ರಬ್ಬರು ಮತ್ತು ಬೆಂಡಿನ ಭಾಗಗಳೂ ಎಥನಾಲಿನಿಂದ ಹಾಳಾಗುತ್ತವೆ. ಉಗಾರದ ಸಕ್ಕರೆ ಕಾರ್ಖಾನೆ ೧೯೩೯ರದು. ಕೊಕಟನೂರ ಸಮೀಪದ ಬುರ್ಲಟ್ಟಿಯಲ್ಲಿಯೂ ಸಕ್ಕರೆ ಕಾರ್ಖಾನೆಯಿದೆ. ಕಬ್ಬಿನ ಈ ನಾಡಿನಲ್ಲಿ ಉಳಿದಿರುವ ಹಳೆಯ ಗಾಡಿಗಳು ಮತ್ತೆ ಮಂದಗತಿಯಲ್ಲಿ ನಡುಗುತ್ತ ಮಿಸ್ತ್ರಿಯ ಬಾಗಿಲಿಗೆ ಬರುತ್ತಿವೆ.

ಆದರೆ ಬಾಗಿಲಲ್ಲಿ ಮಿಸ್ತ್ರಿಯಿರುವನು, ಶಿಷ್ಯನಿಲ್ಲ. ಮೇಲೆ ಹೇಳಿದ ಗ್ಯಾರೇಜಿನಲ್ಲಿ ಕಳೆದ ಹಲವು ವರ್ಷಗಳಿಂದ ಯಾವ ಹುಡುಗನೂ ಕಲಿಯಲು ನಿಂತಿಲ್ಲ. ಕಂಪನಿಗಳ ಇತಿಹಾಸವನ್ನು ಕಂಪನಿಗಳು ಬರೆಸಿಕೊಂಡಿವೆ. ಕಾಯಿದೆಗಳು ದಫ್ತರದಲ್ಲಿ ಭದ್ರವಾಗಿವೆ. ಪ್ಲಗ್ಗಿನ ಬಣ್ಣವನ್ನೂ ಕಾಗದದ ಬಡಿತವನ್ನೂ ಓದಿದವರ ಕ್ರಮವನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಒಂದು ಸೂಚನೆಯನ್ನು ಮಾಡಿ ಈ ಪ್ರಬಂಧವನ್ನು ಮುಗಿಸುವೆನು. ಪ್ರತಿಯೊಂದು ತಾಲೂಕಿನಲ್ಲಿಯೂ ಕಾರ್ಬುರೇಟರ್ ಯುಗದ ಒಬ್ಬಿಬ್ಬರು ಮಿಸ್ತ್ರಿಗಳು ಇನ್ನೂ ಇದ್ದಾರೆ. ವಿದ್ಯಾರ್ಥಿಗಳು ಅವರ ಬಳಿ ಕುಳಿತು, ಪರೀಕ್ಷೆಯ ಅನುಕ್ರಮ, ಬಳಸುವ ಪದಗಳು, ಕೈಯಿಂದ ಮಾಡಿಕೊಂಡ ಉಪಕರಣಗಳು, ಗುರುಪರಂಪರೆ ಎಂಬ ನಾಲ್ಕನ್ನು ಬರೆದುಕೊಳ್ಳಬೇಕು. ಸಾಧ್ಯವಾದರೆ ಎಂಜಿನ್ನಿನ ಸದ್ದನ್ನೂ ಮುದ್ರಿಸಿಕೊಳ್ಳಬೇಕು. ಈ ಕೆಲಸಕ್ಕೆ ಹೆಚ್ಚಿನ ಹಣ ಬೇಡ. ಆದರೆ ಆ ಹಿರಿಯರ ವಯಸ್ಸನ್ನು ನೋಡಿದರೆ ಇದನ್ನು ಮುಂದಿನ ವರ್ಷಕ್ಕೆ ತಳ್ಳುವಂತಿಲ್ಲ.